ನೆಲ್ಲಿಮರ ಯಾರ ಲೆಕ್ಕದಲ್ಲಿದೆ?



ಕಿರು ಅರಣ್ಯ ಉತ್ಪನ್ನಗಳ ಸಹಕಾರ ಸಂಘವೆಂದರೆ ಸದಾ ಸೊರಗಿರುವ ಒಂದು ಅಂಗಡಿ ಎಂಬ ಭಾವನೆ ಸಹಕಾರ ವಲಯದಲ್ಲೇ ಇದೆ. ವಿಲೀನ, ಗೋದಾಮು, ತರಬೇತಿ ಎಂದು ಅದಕ್ಕೆ ಮದ್ದು ಬರೆದುಕೊಡುತ್ತೇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಲ್ಯಾಂಪ್ಸ್ ಸಂಘಗಳನ್ನು, ಅಂದರೆ ಬುಡಕಟ್ಟು ಜನರ ವಿವಿಧೋದ್ದೇಶ ಸಹಕಾರ ಸಂಘಗಳನ್ನು, ನೋಡಿದರೆ ರೋಗ ಬೇರೆಡೆ ಇದೆ ಎನಿಸುತ್ತದೆ. ಮರವನ್ನು ಬಲ್ಲವರಿಗೆ ಮರದ ಬಗ್ಗೆ ತೀರ್ಮಾನಿಸುವ ಅಧಿಕಾರ ಇಲ್ಲದಿರುವುದೇ ಆ ರೋಗ ಎಂಬುದು ನನ್ನ ವಾದ. ಗುತ್ತಿಗೆದಾರರ ಹಿಡಿತದಿಂದ ಬುಡಕಟ್ಟು ಜನರನ್ನು ಬಿಡಿಸಲೆಂದು ಈ ಸಂಘಗಳು ಹುಟ್ಟಿದವು. ನೆಲ್ಲಿ, ಸೀಗೆ, ಅಂಟುವಾಳ, ಹೆಜ್ಜೇನು, ಕಲ್ಲುಪಾಚಿ ಈ ಸಂಘಗಳ ಸರಕು. 1990ರ ದಶಕದ ಅಧ್ಯಯನಗಳ ಪ್ರಕಾರ ಹಲವು ಸೋಲಿಗ ಕುಟುಂಬಗಳ ನಗದು ಆದಾಯದಲ್ಲಿ ಅರ್ಧದಷ್ಟು ಈ ಉತ್ಪನ್ನಗಳಿಂದಲೇ ಬರುತ್ತಿತ್ತು. ಆದರೂ ವ್ಯವಸ್ಥೆಯಲ್ಲಿ ಸೋಲಿಗರು ಹೆಸರಿಗೆ ಸದಸ್ಯರು, ನಡೆಯಲ್ಲಿ ಕೂಲಿಗಳು. ತಂದ ಮಾಲಿಗೆ ತೂಕದ ಮೇಲೆ ಸಂಗ್ರಹಣಾ ದರ ಸಿಗುತ್ತಿತ್ತು. ಯಾರಿಗೆ, ಯಾವಾಗ, ಯಾವ ಬೆಲೆಗೆ ಮಾರಬೇಕು ಎಂಬುದು ಸೋಲಿಗರ ಹಾಡಿಯಾದ ಪೋಡಿನಿಂದ ದೂರದಲ್ಲಿ ನಿರ್ಧಾರವಾಗುತ್ತಿತ್ತು.

ಜನ ಕೀಳುತ್ತ ಹೋದರೆ ಕಾಡು ಉಳಿಯುವುದಿಲ್ಲ ಎಂಬುದು ಮರದ ತೀರ್ಮಾನವನ್ನು ಸೋಲಿಗರಿಗೇ ಬಿಡಬೇಕೆಂಬ ವಾದಕ್ಕೆ ಬರುವ ಗಟ್ಟಿ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಕಾಯಿಗಾಗಿ ಕೊಂಬೆ ಕಡಿದದ್ದುಂಟು, ನೆಲ್ಲಿಯ ಎಳೆಗಿಡಗಳು ಕಡಿಮೆಯಾದದ್ದೂ ನಿಜ. ಆದರೆ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಸಂಶೋಧನೆ, ನೆಲ್ಲಿಯ ಕುಸಿತಕ್ಕೆ ಕಾಯಿ ಕೀಳುವುದಕ್ಕಿಂತ ಮರದ ರಸ ಹೀರುವ ಬಂದಳಿಕೆ ಮತ್ತು ನೆಲವನ್ನೆಲ್ಲ ಆವರಿಸಿದ ಲಂಟಾನದತ್ತ ಬೊಟ್ಟು ಮಾಡಿತು. ಬೇಸಿಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿ ಇವೆರಡನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತು ಎಂದು ಸೋಲಿಗರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಬೆಟ್ಟ ಅಭಯಾರಣ್ಯವಾದ ಮೇಲೆ ಅದರ ನಿಯಮ ಆ ಬೆಂಕಿಯನ್ನು ಆರಿಸಿತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯನ್ನು ಆಧರಿಸಿ 2004ರಿಂದ ಮಾರಾಟಕ್ಕಾಗಿ ಸಂಗ್ರಹಿಸುವುದೂ ನಿಂತಿತು. ಕಾಯಿಗೆಂದು ಮರ ಹತ್ತಿದವನು ಬಂದಳಿಕೆಯನ್ನೂ ಕತ್ತರಿಸಿ ಬರುತ್ತಿದ್ದ. ನಿಷೇಧದಿಂದ ಆ ಕತ್ತಿಯೂ ಮರದಿಂದ ಇಳಿಯಿತು. ಇಷ್ಟು ನಿರಂತರವಾದ ಆರೈಕೆಯನ್ನು ಸಂಬಳ ಕೊಟ್ಟು ಮಾಡಿಸುವುದಾದರೆ ಖರ್ಚೆಷ್ಟು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಸಣ್ಣ ಸಂಘದ ಬಲ ಇರುವುದು ಇಲ್ಲಿ: ಅದರ ಸದಸ್ಯರು ಮುಂದಿನ ವರ್ಷವೂ ಅದೇ ಮರಕ್ಕೆ ಹೋಗಬೇಕಾದವರು.

ವ್ಯಾಪಾರವಾಗಿ ನೋಡಿದರೆ ಇಷ್ಟು ಸಣ್ಣ ಘಟಕ ನಿಲ್ಲದು ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. ನೆಲ್ಲಿ ಒಂದು ವರ್ಷ ಜಗ್ಗುವಷ್ಟು ಬಿಟ್ಟು ಇನ್ನೊಂದು ವರ್ಷ ಕೈಕೊಡುತ್ತದೆ, ಜೇನು ಹೂವನ್ನು ನಂಬಿದೆ, ಮುಂಗಡ ಕೊಡಲು ಸಂಘದಲ್ಲಿ ದುಡಿಮೆ ಬಂಡವಾಳವಿರುವುದಿಲ್ಲ. ವ್ಯಾಪಾರಿ ಆ ಹೊತ್ತಿಗೆ ಸರಿಯಾಗಿ ಕೈಯಲ್ಲಿ ಕಾಸು ಹಿಡಿದು ಬರುತ್ತಾನೆ. ಸಾಲಕ್ಕೆ, ಸಂಸ್ಕರಣೆಗೆ, ಮಾರುಕಟ್ಟೆಗೆ ಸಂಘಗಳ ಒಕ್ಕೂಟ ಬೇಕೇ ಬೇಕು. ಆದರೆ ಎಷ್ಟು ಕೀಳಬೇಕು, ಯಾವ ಗುಡ್ಡವನ್ನು ಈ ವರ್ಷ ಬಿಡಬೇಕು ಎಂಬ ಮಾತನ್ನು ಒಕ್ಕೂಟಕ್ಕೆ ಒಪ್ಪಿಸಿದರೆ ಹಳೆಯ ಗುತ್ತಿಗೆ ಪದ್ಧತಿಯೇ ಹೊಸ ಬೋರ್ಡು ಹಾಕಿಕೊಂಡು ಬಂದಂತೆ.

ಕಾನೂನು ಈಗ ಅರ್ಧ ದಾರಿ ಸವೆಸಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನಗಳ ಒಡೆತನವನ್ನೇ ಮಾನ್ಯ ಮಾಡಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. 2012ರ ನಿಯಮಗಳ ತಿದ್ದುಪಡಿ ಸಾಗಣೆ ಪರವಾನಗಿಯನ್ನು ಗ್ರಾಮಸಭೆಯ ಸಮಿತಿಯ ಕೈಗೆ ಕೊಟ್ಟಿತು. ಹೀಗೆ ಹಕ್ಕು ಗ್ರಾಮಸಭೆಯದು, ಲೆಕ್ಕಪತ್ರ ಸಹಕಾರ ಸಂಘದ್ದು, ಗಡಿ ಕಾಯುವುದು ಅರಣ್ಯ ಇಲಾಖೆಯ ಕೆಲಸ. ಮೂವರ ನಡುವೆ ನಿಂತಿರುವ ನೆಲ್ಲಿಮರಕ್ಕೆ ವಾರಸುದಾರರು ಬಹಳ. ಲ್ಯಾಂಪ್ಸ್ ಗ್ರಾಮಸಭೆಯ ಮಾರಾಟ ಪ್ರತಿನಿಧಿಯಾಗಿ ಕೆಲಸ ಮಾಡಲಿ, ಮಾರಾಟದ ಟೆಂಡರಿನ ಬೆಲೆಯನ್ನು ಮಾಲು ಇಳಿಯುವ ಮೊದಲೇ ಪೋಡಿನಲ್ಲಿ ಓದಿ ಹೇಳಲಿ, ಲಾಭದಲ್ಲಿ ಒಂದು ಪಾಲು ಬಂದಳಿಕೆ ಮತ್ತು ಲಂಟಾನ ತೆಗೆಯುವ ಕೆಲಸಕ್ಕೆ ಮೀಸಲಾಗಲಿ ಎಂಬುದು ನನ್ನ ಸಲಹೆ. ಇದಕ್ಕೆ ಸಂಘದ ಉಪವಿಧಿಗಳು ತಿದ್ದುಪಡಿಯಾಗಬೇಕು. ಯಾವ ವಿಧಿ, ಹೇಗೆ ಎಂಬುದರ ಕರಡನ್ನು ಈ ವಿಚಾರ ಸಂಕಿರಣದ ಗೋಷ್ಠಿಗಳಲ್ಲೇ, ಪೋಡಿನ ಹಿರಿಯರನ್ನು ಮುಂದಿಟ್ಟುಕೊಂಡು ಬರೆಯಲು ಕೋರುತ್ತೇನೆ.