ದೂರವಾಣಿಯ ವೈದ್ಯರೂ ನಮ್ಮ ಹೆಣ್ಣುಮಕ್ಕಳೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾಡುನುಡಿಯ ಉತ್ಸವದಲ್ಲಿ ಗರ್ಭಪಾತದ ಮಾತೇಕೆಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಸಂಕೋಚವು ನಮಗೂ ಇದೆ. ಆದರೆ ಅದಕ್ಕೆ ಬೆಲೆ ತೆರುವವರು ಹೆಣ್ಣುಮಕ್ಕಳಾದುದರಿಂದ ಇಂದು ಅದನ್ನು ಬದಿಗಿರಿಸುತ್ತೇವೆ.

ಬೆಳಗಾವಿಯ ತಂದೆತಾಯಿಗಳ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್, 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದಲ್ಲಿ ತೀರಿಕೊಂಡರು. 17 ವಾರಗಳ ಗರ್ಭವು ಉಳಿಯದೆಂದು ತಿಳಿದ ಮೇಲೂ, ಅದನ್ನು ತೆಗೆಯಿರೆಂಬ ಅವರ ಬೇಡಿಕೆ ನಡೆಯಲಿಲ್ಲ. ಭ್ರೂಣದ ಎದೆ ಮಿಡಿಯುತ್ತಿತ್ತು, ಕಾನೂನು ಅಡ್ಡ ನಿಂತಿತು, ನಂಜು ಮೈಗೇರಿತು. ದೂರವಾಣಿಯಿಂದ ಅವರು ಉಳಿಯುತ್ತಿದ್ದರೆಂದು ನಾವು ಹೇಳಲಾರೆವು, ಅವರು ಆಸ್ಪತ್ರೆಯಲ್ಲಿಯೇ ಇದ್ದರು. ಆದರೆ ಆ ಸಾವು ಆ ದೇಶವನ್ನೇ ಕಲಕಿತು. 2018ರ ಜನಮತದಲ್ಲಿ ನಿಷೇಧವು ಬಿದ್ದು, ಮರುವರ್ಷದ ಜನವರಿಯಿಂದ 12 ವಾರಗಳವರೆಗೆ ಅನುಮತಿ ದೊರೆಯಿತು. ಅದುವರೆಗೆ ಅಲ್ಲಿಯ ಹೆಂಗಸರು ಗುಟ್ಟಾಗಿ ಕಡಲು ದಾಟಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಗಡಿ ದಾಟಿ ವೈದ್ಯರನ್ನು ಕಾಣುವ ಪಾಡನ್ನು ಚಾಮರಾಜನಗರದ ಬಸ್ಸು ಹಿಡಿಯುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

2020ರ ಮಹಾಮಾರಿಯ ಕಾಲದಲ್ಲಿ ಐರ್ಲೆಂಡ್, ಇಂಗ್ಲೆಂಡುಗಳೆರಡೂ ದೂರವಾಣಿಯಲ್ಲಿಯೇ ವೈದ್ಯಸಲಹೆ ಪಡೆದು ಮೈಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಗುಳಿಗೆಗಳನ್ನು ಮನೆಯಲ್ಲಿ ಸೇವಿಸಲು ಎಡೆಗೊಟ್ಟವು. ಇಂಗ್ಲೆಂಡ್, ವೇಲ್ಸ್‌ಗಳ 52,000ಕ್ಕೂ ಹೆಚ್ಚಿನ ಪ್ರಕರಣಗಳನ್ನು ಹೋಲಿಸಿದಾಗ, ಕಾಯುವ ಅವಧಿಯು ಸುಮಾರು 4 ದಿನ ತಗ್ಗಿತ್ತು, ಅಪಾಯವು ಹೆಚ್ಚಿರಲಿಲ್ಲ.

ನಮ್ಮ ದೇಶದಲ್ಲಿ ಅನುಮತಿಯ ಕಾನೂನು 1971ರಷ್ಟು ಹಳೆಯದು. ಗುಳಿಗೆಗೆ 9 ವಾರಗಳ ಮಿತಿಯುಂಟು. ಟೆಲಿಮೆಡಿಸಿನ್‌ಗೆ 2020ರ ಮಾರ್ಚಿನಲ್ಲಿ ಮಾರ್ಗಸೂಚಿ ಬಂದಿತಾದರೂ, 2021ರಲ್ಲಿ ತಿದ್ದಿದ ಗರ್ಭಪಾತದ ಕಾನೂನು ಅದರ ಹೆಸರೆತ್ತಿಲ್ಲ. ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋಗಬೇಕಾದರೆ ಅತ್ತೆಗೊಂದು ನೆವ ಹೇಳಬೇಕು. ಅದಕ್ಕಿಂತ ಔಷಧದಂಗಡಿಯ ಗುಳಿಗೆಯನ್ನು ಗುಟ್ಟಾಗಿ ನುಂಗುವುದು ಸುಲಭವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಗರ್ಭವು ನಾಳದಲ್ಲಿ ನಿಂತಿದ್ದರೆ ಆ ಗುಳಿಗೆಯಿಂದ ಫಲವಿಲ್ಲ, ಪ್ರಾಣಕ್ಕೇ ಸಂಚಕಾರ. ಕೊನೆಯ ಮುಟ್ಟು ಎಂದು, ಒಂದೇ ಬದಿಗೆ ನೋವಿದೆಯೆ ಎಂದು ವೈದ್ಯರು ಕೇಳುವುದು ಇದಕ್ಕಾಗಿಯೇ. ಅನುಮಾನವಿದ್ದರೆ ಸ್ಕ್ಯಾನಿಂಗ್ ಆಗಲೇಬೇಕು.

ಆ ಪ್ರಶ್ನೆಗೆ ನಮ್ಮ ಹೆಣ್ಣುಮಗಳು, “ಹೊರಗಾಗಿ ಎರಡು ಅಮಾವಾಸ್ಯೆ ಕಳೀತು” ಎನ್ನುತ್ತಾಳೆ. ಕನ್ನಡವರಿಯದ ವೈದ್ಯರಿಗೆ ‘ಹೊರಗಾಗುವುದು’ ಏನೆಂದು ತಿಳಿದೀತು? ಎದುರಿಗಿದ್ದರೆ ಕೈಸನ್ನೆಯಾದರೂ ಉಂಟು; ದೂರವಾಣಿಯಲ್ಲಿ ಮಾತೇ ಎಲ್ಲ. ತಮಿಳು ಬಲ್ಲ ಮೈದುನನನ್ನು ನಡುವೆ ಕೂರಿಸಿಕೊಂಡು ಆಡುವ ಮಾತೇ ಇದು?

ಶಾಲೆಗೆ ಕನ್ನಡ ಉಪಾಧ್ಯಾಯರು ಬೇಕು, ಪಠ್ಯಪುಸ್ತಕ ಬೇಕು ಎಂದು ಮನವಿ ಸಲ್ಲಿಸುವ ನಮ್ಮ ಸಂಘವು, ಈ ವರ್ಷದ ಮನವಿಯಲ್ಲಿ ದೂರವಾಣಿಯ ವೈದ್ಯಸೇವೆಗೆ ಕನ್ನಡ ಬಲ್ಲ ವೈದ್ಯೆಯೊಬ್ಬರನ್ನೂ ಕೇಳಬೇಕೆಂದು ನಾವು ಸೂಚಿಸುತ್ತೇವೆ.