ಸಾಕ್ಷಿ ಹೇಳೋಕೆ ಕರೆದರೆ ಏನ್ ಮಾಡ್ಬೇಕು?

ಪೊಲೀಸ್, ಕೋರ್ಟ್ ಅಂದ ಕೂಡಲೇ ನಮಗೆ ನೆನಪಾಗೋದು ಆರೋಪಿ, ವಕೀಲರು, ಜಡ್ಜ್. ಆದರೆ ಯಾವ ತಪ್ಪೂ ಮಾಡದವರು ಕೋರ್ಟ್ ಮೆಟ್ಟಿಲು ಹತ್ತೋ ದಾರಿ ಒಂದಿದೆ. ಅದೇ ಸಾಕ್ಷಿ. ಗೌರಿಬಿದನೂರಿನ ಬಸ್ ಸ್ಟ್ಯಾಂಡ್‌ನಲ್ಲಿ ಒಂದು ಹೊಡೆದಾಟ, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಒಂದು ಕಳ್ಳತನ ನಿಮ್ಮ ಕಣ್ಣೆದುರೇ ನಡೆದರೆ ಸಾಕು, ನಿಮ್ಮ ಹೆಸರು ಕೇಸಿನ ಫೈಲಿಗೆ ಸೇರಬಹುದು.

ಸಾಕ್ಷಿಯ ಮಾತಿಗೆ ಎಷ್ಟು ತೂಕ ಇದೆ ಅಂತ ತಿಳಿಯೋಕೆ ದೂರ ಹೋಗ್ಬೇಕಿಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ, 2000ದ ಮಾರ್ಚ್ 11. ದಲಿತರ ಮನೆಗಳಿಗೆ ಬೆಂಕಿ ಹಚ್ಚಿ ಏಳು ಜನರನ್ನ ಜೀವಂತ ಸುಟ್ಟರು. ಆಗ ಇದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. 2006ರಲ್ಲಿ ತೀರ್ಪು ಬಂತು: ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾರಣ, ಸಾಕ್ಷಿಗಳು ಕಟಕಟೆಯಲ್ಲಿ ನಿಂತಾಗ ಹಿಂದಿನ ಹೇಳಿಕೆಗೆ ಬದ್ಧರಾಗಿ ಉಳಿಯಲಿಲ್ಲ. ಏಳು ಜೀವ ಹೋಗಿದ್ದು ನಿಜ, ಯಾರಿಗೂ ಶಿಕ್ಷೆ ಆಗಲಿಲ್ಲ ಅನ್ನೋದೂ ನಿಜ.

ಹೀಗೆ ಯಾಕಾಗುತ್ತೆ? ಪೊಲೀಸರು ಬರೆದುಕೊಂಡ ನಿಮ್ಮ ಹೇಳಿಕೆಯೇ ಕೋರ್ಟಿನಲ್ಲಿ ಪುರಾವೆ ಆಗಲ್ಲ. ಜಡ್ಜ್ ಮುಂದೆ ಪ್ರಮಾಣ ಮಾಡಿ ಹೇಳಿ, ಎದುರು ವಕೀಲರ ಪಾಟಿ ಸವಾಲಿಗೆ ಉತ್ತರ ಕೊಟ್ಟರೆ ಅದು ಸಾಕ್ಷ್ಯ. ಘಟನೆಗೂ ಆ ದಿನಕ್ಕೂ ನಡುವೆ ವರ್ಷಗಳೇ ಕಳೆದಿರಬಹುದು. ಅಷ್ಟೂ ದಿನ ಸಾಕ್ಷಿ ಅದೇ ಊರಲ್ಲಿ ಬಾಳಬೇಕು. ರಾಜಿ ಆಗು ಅನ್ನೋರು, ದುಡ್ಡು ತೋರಿಸೋರು, ಬೆದರಿಸೋರು ಎಲ್ಲ ಬರೋದು ಈ ಮಧ್ಯದಲ್ಲೇ. ಸಾಕ್ಷಿಗಳು ಉಲ್ಟಾ ಹೊಡೆದ್ರು ಅಂತ ಬೈಯೋದು ಸುಲಭ. ಅವರ ಬೆನ್ನಿಗೆ ಯಾರಿದ್ದರು ಅಂತಲೂ ಕೇಳಬೇಕು.

ಈಗ ಕಾನೂನಲ್ಲಿ ಏನಿದೆ ನೋಡೋಣ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ.

ಮೊದಲನೆಯದು, ಹೇಳಿಕೆ. ಹೆಂಗಸರನ್ನ, 60 ದಾಟಿದವರನ್ನ, 15 ತುಂಬದ ಹುಡುಗರನ್ನ, ಅಂಗವಿಕಲರನ್ನ ವಿಚಾರಣೆಗೆ ಠಾಣೆಗೇ ಬನ್ನಿ ಅಂತ ಒತ್ತಾಯಿಸೋ ಹಾಗಿಲ್ಲ. ಪೊಲೀಸರೇ ಮನೆಗೆ ಬರ್ಬೇಕು. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಬೇಕಿಲ್ಲ. ಮಹಜರಿಗೆ ಪಂಚರಾಗಿ ಕರೆದಾಗ ಮಾತ್ರ ಸಹಿ ಇರುತ್ತೆ. ಆದ್ದರಿಂದ ಅದನ್ನ ಓದದೆ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ.

ಎರಡನೆಯದು, ಮ್ಯಾಜಿಸ್ಟ್ರೇಟ್ ಮುಂದಿನ ಹೇಳಿಕೆ. 10 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧದಲ್ಲಿ, ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನ ಮ್ಯಾಜಿಸ್ಟ್ರೇಟ್ ದಾಖಲಿಸಲೇಬೇಕು. ಪ್ರಮಾಣ ಮಾಡಿ ಹೇಳಿದ್ದನ್ನ ಆಮೇಲೆ ತಿರುಚೋದು ಅಷ್ಟು ಸುಲಭ ಅಲ್ಲ.

ಮೂರನೆಯದು, ರಕ್ಷಣೆ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೆದರಿಕೆ ಇದ್ದರೆ ನೀವು ಅರ್ಜಿ ಹಾಕಬಹುದು. ಅದನ್ನ ತೀರ್ಮಾನಿಸೋ ಸಮಿತಿಗೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಬೆದರಿಕೆ ಎಷ್ಟಿದೆ ಅಂತ ಪೊಲೀಸ್ ವರದಿ ತರಿಸ್ಕೊಂಡು, ಮನೆ ಹತ್ತಿರ ಗಸ್ತು, ಕೋರ್ಟಿಗೆ ಹೋಗಿಬರೋಕೆ ಪೊಲೀಸ್ ಬೆಂಗಾವಲು, ಆರೋಪಿಗೆ ಮುಖಾಮುಖಿ ಆಗದಂಥ ವಿಚಾರಣೆ, ಇಂಥವನ್ನ ಆದೇಶಿಸಬಹುದು. ಮನೆಯವರಿಗೂ ರಕ್ಷಣೆ ಸಿಗುತ್ತೆ. ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳಲ್ಲಿ ಸಾಕ್ಷಿಗೆ ರಕ್ಷಣೆ, ಪ್ರಯಾಣ ವೆಚ್ಚ ಎರಡೂ ಹಕ್ಕು.

ಇನ್ನೊಂದು ಮಾತು. ಸುಳ್ಳು ಹೇಳು ಅಂತ ಸಾಕ್ಷಿಯನ್ನ ಬೆದರಿಸೋದು 7 ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಪ್ರಮಾಣ ಮಾಡಿ ಬೇಕಂತಲೇ ಸುಳ್ಳು ಹೇಳಿದ ಸಾಕ್ಷಿಗೂ ಅಷ್ಟೇ.

ಹಾಗಾದರೆ ಮಾಡ್ಬೇಕಾದ್ದೇನು? ಬೆದರಿಕೆ ಕರೆ ಬಂದರೆ ನಂಬರ್, ದಿನಾಂಕ, ಸಮಯ ಬರೆದಿಡಿ, ಮೆಸೇಜ್ ಅಳಿಸಬೇಡಿ. ಸರ್ಕಾರಿ ವಕೀಲರಿಗೆ ಬರವಣಿಗೆಯಲ್ಲಿ ತಿಳಿಸಿ. ಅರ್ಜಿ ಬರೆಯೋಕೆ ಗೊತ್ತಿಲ್ಲದಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. 15100ಕ್ಕೂ ಕರೆ ಮಾಡಬಹುದು. ಸಮನ್ಸ್ ಬಂದರೆ ಮಾತ್ರ ತಪ್ಪಿಸ್ಕೋಬೇಡಿ. ಸಕಾರಣ ಇಲ್ಲದೆ ಹೋಗದಿದ್ದರೆ ವಾರಂಟ್ ಬರಬಹುದು.

ಕಾಗದದ ಮೇಲಿನ ರಕ್ಷಣೆ ತಾನಾಗಿ ಮನೆ ಬಾಗಿಲಿಗೆ ಬರಲ್ಲ, ಕೇಳಿ ಪಡೀಬೇಕು. ನಿಮ್ಮ ಬೀದಿಯಲ್ಲಿ ಯಾರಿಗಾದರೂ ಸಮನ್ಸ್ ಬಂದಿದ್ದರೆ ಈ ಸಂಚಿಕೆ ಕಳಿಸಿ, ಆಗೋದಾದರೆ ಆ ದಿನ ಅವರ ಜೊತೆ ಕೋರ್ಟಿನವರೆಗೂ ಹೋಗಿಬನ್ನಿ.