ಪರಿಚಿತ ಧ್ವನಿಗೆ ಬಂದ ವ್ಯಾಧಿ

(ಠಾಕುರ್ಲಿಯ ಕನ್ನಡ ಶ್ರೋತೃಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)

2024ರ ಜುಲೈ 11ರ ರಾತ್ರಿ ಕನ್ನಡದ ಪ್ರಸಿದ್ಧ ನಿರೂಪಕಿ ಅಪರ್ಣಾ ಅವರು ಬೆಂಗಳೂರಿನಲ್ಲಿ ನಿಧನರಾದರೆಂಬ ವಾರ್ತೆ ಹೊರಬಿದ್ದಾಗ ಕೇಳಿದವರಿಗೆ ಎರಡು ಬಗೆಯ ಆಘಾತವಾಯಿತು. ಒಂದು, ಮರಣದ್ದು, ಅವರಿಗೆ ಆಗ 57 ವರ್ಷ ವಯಸ್ಸು. ಇನ್ನೊಂದು, ಅವರು ಎರಡು ವರ್ಷಗಳಿಂದ ಶ್ವಾಸಕೋಶದ ಕ್ಯಾನ್ಸರಿನಿಂದ ಬಳಲುತ್ತಿದ್ದರೆಂಬ ಸಂಗತಿ ಅಂದಿನವರೆಗೆ ಹೊರಗಿನವರಿಗೆ ತಿಳಿದೇ ಇರಲಿಲ್ಲ. ಅವರ ಪತಿ, ವಾಸ್ತುಶಿಲ್ಪಿ ಹಾಗೂ ಲೇಖಕ ನಾಗರಾಜ ವಸ್ತಾರೆ ಅವರು ಪತ್ರಕರ್ತರಿಗೆ ತಿಳಿಸಿದ ಪ್ರಕಾರ, 2022ರ ಜುಲೈ ತಿಂಗಳಿನಲ್ಲಿ ರೋಗ ಪತ್ತೆಯಾದಾಗಲೇ ಅದು ನಾಲ್ಕನೆಯ ಹಂತವನ್ನು ತಲುಪಿತ್ತು. ಆರು ತಿಂಗಳು ಬದುಕಬಹುದೆಂದು ವೈದ್ಯರು ಅಂದಾಜು ಮಾಡಿದ್ದರು. ಅವರು ಎರಡು ವರ್ಷ ಬದುಕಿದರು.

ಪುಟ್ಟಣ್ಣ ಕಣಗಾಲ್ ಅವರ ‘ಮಸಣದ ಹೂವು’ ಚಿತ್ರದ ಮೂಲಕ ಪರಿಚಿತರಾದ ಅಪರ್ಣಾ, ಮುಂದೆ ಆಕಾಶವಾಣಿಯ ಉದ್ಘೋಷಕಿಯಾಗಿ, ದೂರದರ್ಶನದ ಚಂದನ ವಾಹಿನಿಯ ನಿರೂಪಕಿಯಾಗಿ, ಸರ್ಕಾರದ ಅಸಂಖ್ಯ ಸಮಾರಂಭಗಳ ವೇದಿಕೆಯ ಮೇಲಿನ ಧ್ವನಿಯಾಗಿ ಮನೆಮಾತಾದರು. ‘ಮಜಾ ಟಾಕೀಸ್’ನ ವರಲಕ್ಷ್ಮಿಯಾಗಿ ಹೊಸ ತಲೆಮಾರನ್ನು ನಗಿಸಿದವರೂ ಅವರೇ. ಕನ್ನಡವನ್ನು ಸ್ಪಷ್ಟವಾಗಿ, ಅವಸರವಿಲ್ಲದೆ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಕೆಡದಂತೆ ನುಡಿಯುವುದು ಹೇಗೆಂಬುದನ್ನು ಅವರ ಮಾತು ಕೇಳಿ ಕಲಿತವರು ಅನೇಕರು. ಬೆಂಗಳೂರಿನ ‘ನಮ್ಮ ಮೆಟ್ರೊ’ದ ಕನ್ನಡ ಘೋಷಣೆಗಳೂ ಅವರ ಕಂಠದವೇ. ಮುಖ್ಯಮಂತ್ರಿ ಸಿದ್ಧರಾಮಯ್ಯ ಅವರಿಂದ ಮೊದಲ್ಗೊಂಡು ಕಲಾವಿದರು, ಸಾಹಿತಿಗಳು, ಸಾಮಾನ್ಯ ಜನರು ಸಂತಾಪ ಸೂಚಿಸಿದರು. ಆದರೆ ಮೆಟ್ರೊ ಪ್ರಯಾಣಿಕರ ಅನುಭವ ಎಲ್ಲಕ್ಕಿಂತ ಭಿನ್ನವಾಗಿತ್ತು. ಮರಣದ ಮರುದಿನವೂ ಅದೇ ಧ್ವನಿ ಮುಂದಿನ ನಿಲ್ದಾಣದ ಹೆಸರನ್ನು ಹೇಳುತ್ತಿತ್ತು. ಬಾಗಿಲು ಯಾವ ಬದಿಗೆ ತೆರೆಯುತ್ತದೆಂದು ತಿಳಿಸುತ್ತಿತ್ತು.

ಮಧ್ಯ ರೈಲ್ವೆಯ ಡೊಂಬಿವಲಿ ಮತ್ತು ಕಲ್ಯಾಣ ನಿಲ್ದಾಣಗಳ ನಡುವಿನ ಠಾಕುರ್ಲಿಯಂಥ ಊರಿನಲ್ಲಿ ವಾಸಿಸುವ ಕನ್ನಡಿಗರಿಗೆ ಈ ಅನುಭವ ಬಲು ಬೇಗ ಅರ್ಥವಾಗುತ್ತದೆ. ಬೆಳಿಗ್ಗೆ ಎದ್ದು ಲೋಕಲ್ ಹಿಡಿದು, ರಾತ್ರಿ ಲೋಕಲಿನಿಂದ ಇಳಿಯುವ ಬದುಕಿನಲ್ಲಿ ನಿಲ್ದಾಣದ ಘೋಷಣೆಯ ಧ್ವನಿ ಸ್ವಂತ ಬಂಧುಗಳ ಧ್ವನಿಯಷ್ಟೇ ಪರಿಚಿತ; ಹೇಳುವವರ ಹೆಸರನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಊರು ಬಿಟ್ಟು ಬಂದು ಹೋಟೆಲು, ಬ್ಯಾಂಕು, ಕಾರ್ಖಾನೆ, ಕಚೇರಿಗಳಲ್ಲಿ ದುಡಿದ ಕುಟುಂಬಗಳಿಗೆ ಉಪಗ್ರಹದ ಮೂಲಕ ಬಂದ ಚಂದನ ವಾಹಿನಿ ಕನ್ನಡವನ್ನು ಮನೆಯೊಳಗೆ ತಂದಿತು. ಹೊರಗೆ ಮರಾಠಿ, ಕಚೇರಿಯಲ್ಲಿ ಹಿಂದಿ ಅಥವಾ ಇಂಗ್ಲಿಷ್ ಕೇಳಿ ಬೆಳೆಯುವ ಮಕ್ಕಳ ಕಿವಿಗೆ ಅಚ್ಚುಕಟ್ಟಾದ ಕನ್ನಡ ಬಿದ್ದುದು ಎಷ್ಟೋ ವೇಳೆ ಇಂಥ ನಿರೂಪಕರಿಂದ. ಅಂಥ ಧ್ವನಿ ನಿಂತುಹೋದುದು ಶ್ವಾಸಕೋಶದ ರೋಗದಿಂದ ಎಂಬುದು ಆ ಮನೆಗಳನ್ನೂ ಮುಟ್ಟಿದ ಸುದ್ದಿ.

ಇಂಥ ಸುದ್ದಿ ಬಂದೊಡನೆ ಎಲ್ಲೆಡೆ ಏಳುವ ಮೊದಲ ಪ್ರಶ್ನೆ ಒಂದೇ: ‘ಸಿಗರೇಟು ಸೇದುತ್ತಿದ್ದರೇ?’ ಸಕ್ಕರೆ ಕಾಯಿಲೆ ಬಂದವರನ್ನು ಎಷ್ಟು ಸಿಹಿ ತಿಂದಿರೆಂದು ಯಾರೂ ವಿಚಾರಣೆಗೆ ಗುರಿಪಡಿಸುವುದಿಲ್ಲ. ಹೃದಯಾಘಾತವಾದವರನ್ನು ನೋಡಲು ಹೋದವರು ಹಣ್ಣು ಕೊಟ್ಟು, ಧೈರ್ಯ ಹೇಳಿ ಬರುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ಬಂದವರ ಹಾಸಿಗೆಯ ಬಳಿ ಮಾತ್ರ ಸಾಕ್ಷಿ ವಿಚಾರಣೆ ಆರಂಭವಾಗುತ್ತದೆ. ಸೇದುತ್ತಿದ್ದರೆಂದು ತಿಳಿದರೆ ಕೇಳಿದವರಿಗೆ ಒಂದು ಬಗೆಯ ನೆಮ್ಮದಿ: ತಾವು ಸೇದುವುದಿಲ್ಲವಾದ್ದರಿಂದ ತಮಗೆ ಬಾರದು ಎಂಬ ಸಮಾಧಾನ. ಈ ಸಮಾಧಾನ ಅರ್ಧ ಸತ್ಯದ ಮೇಲೆ ನಿಂತಿದೆ.

ತಂಬಾಕು ಈ ರೋಗದ ಅತಿ ದೊಡ್ಡ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಸಿಗರೇಟಿಗಿಂತ ಬೀಡಿ ಮೃದುವಾದುದೆಂಬ ನಂಬಿಕೆಯೂ ಸರಿಯಲ್ಲ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡಾ 10.7ರಷ್ಟು ಜನ ಧೂಮಪಾನ ಮಾಡುತ್ತಿದ್ದರು. ಮನೆಯೊಳಗೇ ಇತರರ ಹೊಗೆಗೆ ಒಳಗಾಗುತ್ತಿದ್ದವರು ಶೇಕಡಾ 38.7. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಸೇದುವವರಿಗಿಂತ ಅವರ ಹೊಗೆಯನ್ನು ಮನೆಯಲ್ಲಿ ಕುಡಿಯುವವರೇ ಮೂರು ಪಟ್ಟಿಗೂ ಹೆಚ್ಚು! ಒಂದೇ ಕೋಣೆಯ ಚಾಳಿನ ಮನೆಯಲ್ಲಿ ತಂದೆ ಬಾಗಿಲ ಬಳಿ ನಿಂತು ಸೇದಿದರೆ ಹೊಗೆ ಹೊರಗಷ್ಟೇ ಹೋಗುವುದಿಲ್ಲ. ಇಷ್ಟಾಗಿಯೂ, ಎಂದೂ ಬೀಡಿ ಸಿಗರೇಟು ಮುಟ್ಟದವರಿಗೆ ಈ ರೋಗ ಬರುವುದು ಭಾರತದಲ್ಲಿ ಅಪರೂಪವಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳ ಪೈಕಿ ಅರ್ಧದಷ್ಟು ಮಂದಿ ಧೂಮಪಾನಿಗಳಲ್ಲದವರೇ ಆಗಿದ್ದರು. ಅಡಿಗೆಮನೆಯ ಸೌದೆ ಬೆರಣಿಗಳ ಹೊಗೆ, ಕಲ್ನಾರಿನ ಧೂಳು, ವಾಹನ ಮತ್ತು ಕಾರ್ಖಾನೆಗಳಿಂದ ಕಲುಷಿತವಾದ ಗಾಳಿ, ಜೊತೆಗೆ ಜೀವಕೋಶಗಳಲ್ಲಿ ಕಾರಣ ತಿಳಿಯದೆ ಉಂಟಾಗುವ ಬದಲಾವಣೆಗಳು ಇದರ ಹಿಂದಿವೆ.

ಹೊರದೇಶಗಳಲ್ಲಿಯೂ ಪ್ರಸಾರಕರ ಮೂಲಕವೇ ಜನರು ಈ ಪಾಠವನ್ನು ಕಲಿತರು. ಅಮೆರಿಕದ ಎಬಿಸಿ ದೂರದರ್ಶನದ ವಾರ್ತಾವಾಚಕ ಪೀಟರ್ ಜೆನ್ನಿಂಗ್ಸ್ 2005ರ ಏಪ್ರಿಲ್ 5ರಂದು ತಮಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದೆಯೆಂದು ಸ್ವತಃ ಪ್ರಕಟಿಸಿದರು. ಎರಡು ದಶಕಗಳಿಂದ ಎಲ್ಲರಿಗೂ ಪರಿಚಿತವಾದ ಧ್ವನಿ ಆ ರಾತ್ರಿ ಒಡೆದಿತ್ತು. ಹಿಂದೆ ಧೂಮಪಾನಿಯಾಗಿದ್ದುದನ್ನೂ, ಬಿಟ್ಟ ಚಟ 2001ರ ಸೆಪ್ಟೆಂಬರ್ 11ರ ದಾಳಿಯ ದಿನಗಳಲ್ಲಿ ಮರಳಿದ್ದನ್ನೂ ಅವರು ಮುಚ್ಚಿಡಲಿಲ್ಲ. ಆಗಸ್ಟ್ 7ರಂದು ಅವರು ತೀರಿಕೊಂಡರು. ಎರಡು ದಿನಗಳ ನಂತರ, ಎಂದೂ ಸಿಗರೇಟು ಸೇದದ ನಟಿ ಡೇನಾ ರೀವ್ ತಮಗೂ ಅದೇ ರೋಗವೆಂದು ತಿಳಿಸಿದರು. ಏಳು ತಿಂಗಳೊಳಗೆ, 44ನೆಯ ವಯಸ್ಸಿನಲ್ಲಿ ಅವರೂ ಇಲ್ಲವಾದರು. ಒಂದೇ ವಾರದಲ್ಲಿ ಬಂದ ಈ ಎರಡು ಸುದ್ದಿಗಳು ಆ ದೇಶದ ಜನರ ಸಿದ್ಧ ಉತ್ತರವನ್ನು ಕದಲಿಸಿದವು. ಬ್ರಿಟನ್ನಿನಲ್ಲಿ ಮಕ್ಕಳ ಅಚ್ಚುಮೆಚ್ಚಿನ ದೂರದರ್ಶನ ನಿರೂಪಕ ರಾಯ್ ಕ್ಯಾಸಲ್ ಧೂಮಪಾನಿಯಲ್ಲ. ಹೊಗೆ ತುಂಬಿದ ಸಂಗೀತ ಕ್ಲಬ್ಬುಗಳಲ್ಲಿ ವರ್ಷಗಟ್ಟಲೆ ಟ್ರಂಪೆಟ್ ನುಡಿಸಿದುದೇ 1992ರಲ್ಲಿ ಪತ್ತೆಯಾದ ತಮ್ಮ ರೋಗಕ್ಕೆ ಕಾರಣವೆಂದು ಅವರು ಹೇಳುತ್ತಿದ್ದರು. 1994ರಲ್ಲಿ ನಿಧನರಾಗುವ ಮುನ್ನ, ನಿಲ್ಲಲೂ ಶಕ್ತಿಯಿಲ್ಲದ ಸ್ಥಿತಿಯಲ್ಲಿ, ಈ ರೋಗದ ಸಂಶೋಧನೆಗಾಗಿ ನಿಧಿ ಸಂಗ್ರಹಿಸುತ್ತ ದೇಶ ಸುತ್ತಿದರು.

ಜೆನ್ನಿಂಗ್ಸ್ ಹೇಳಿದರು, ಕ್ಯಾಸಲ್ ಹೇಳಿದರು, ಅಪರ್ಣಾ ಹೇಳಲಿಲ್ಲ. ಪ್ರಸಿದ್ಧರು ಬಾಯಿಬಿಟ್ಟು ಹೇಳಿದರೆ ಜನಜಾಗೃತಿಯಾಗುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹೇಳುವುದು ರೋಗಿಯ ಔದಾರ್ಯ, ಋಣವಲ್ಲ. ಮೂರು ದಶಕಗಳ ಕಾಲ ಪರರಿಗಾಗಿ ಮಾತನಾಡಿದ ವ್ಯಕ್ತಿ ತನ್ನ ಕೊನೆಯ ಎರಡು ವರ್ಷಗಳನ್ನು ತನಗೂ ತನ್ನವರಿಗೂ ಉಳಿಸಿಕೊಂಡರೆ ಅದನ್ನು ಆಕ್ಷೇಪಿಸುವ ಹಕ್ಕು ಕೇಳುಗರಿಗೆ ಇಲ್ಲ. ಹೇಳಿದ್ದರೆ ಏನೇನು ಪ್ರಶ್ನೆಗಳು ಬರುತ್ತಿದ್ದವೆಂಬುದನ್ನು ಊಹಿಸುವುದೂ ಕಷ್ಟವಲ್ಲ.

ಪ್ರಸಿದ್ಧರ ಮೌನ ಒಂದು ಬಗೆಯದು. ಸಾಮಾನ್ಯರ ಮನೆಯ ಮೌನ ಬೇರೆ. ಅದು ಆಯ್ಕೆಯಿಂದ ಬಂದುದಲ್ಲ, ಭಯದಿಂದ ಬಂದುದು. ಮಗಳ ಮದುವೆಯ ಮಾತುಕತೆ ನಿಂತೀತೆಂದು, ಗುತ್ತಿಗೆಯ ಕೆಲಸ ಹೋದೀತೆಂದು, ನೆರೆಯವರು ಅಂಟುರೋಗವೆಂದು ಭಾವಿಸಿ ದೂರ ಸರಿದಾರೆಂದು ರೋಗದ ಹೆಸರನ್ನೇ ನುಂಗಿಕೊಳ್ಳುವ ಕುಟುಂಬಗಳು ಎಷ್ಟೋ ಇವೆ. ಮನೆಯಲ್ಲಿ ಅದು ‘ದೊಡ್ಡ ಕಾಯಿಲೆ’ ಅಥವಾ ಬರಿಯ ‘ಅದು’. ಕೆಲವೆಡೆ ರೋಗಿಗೇ ತಿಳಿಸುವುದಿಲ್ಲ. ಕ್ಯಾನ್ಸರ್ ಸ್ಪರ್ಶದಿಂದಾಗಲಿ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ ಹರಡುವುದಿಲ್ಲ. ಸೂಜಿ ತಾಗಿಸಿದರೆ ಗಡ್ಡೆ ಕೆರಳಿ ಮೈಯೆಲ್ಲ ಹಬ್ಬುತ್ತದೆಂಬ ಮಾತು ಬಯಾಪ್ಸಿಯ ದಿನವನ್ನು ಮುಂದೂಡಿಸುತ್ತದೆ. ಆ ಮಾತಿಗೂ ಆಧಾರವಿಲ್ಲ. ಅಂಗಾಂಶದ ಚೂರನ್ನು ಪರೀಕ್ಷಿಸದೆ ರೋಗವನ್ನು ಖಚಿತಪಡಿಸಲಾಗದು, ಚಿಕಿತ್ಸೆಯನ್ನು ನಿರ್ಧರಿಸಲೂ ಆಗದು.

ಸಮಯ ಕಳೆದುಹೋಗುವುದು ಹೆಚ್ಚಾಗಿ ಎಲ್ಲಿ ಎಂಬುದನ್ನು ಇಲ್ಲಿ ವಿವರವಾಗಿ ಹೇಳಬೇಕು. ಬಿಡದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಎಕ್ಸ್‌-ರೇಯಲ್ಲಿ ಕಾಣುವ ಕಲೆ: ಇವು ಕ್ಷಯದ ಚಿಹ್ನೆಗಳೂ ಹೌದು, ಶ್ವಾಸಕೋಶದ ಕ್ಯಾನ್ಸರಿನ ಚಿಹ್ನೆಗಳೂ ಹೌದು. ಕ್ಷಯ ವ್ಯಾಪಕವಾಗಿರುವ ಈ ದೇಶದಲ್ಲಿ ಮೊದಲ ಸಂಶಯ ಅದರ ಮೇಲೆ ಹೋಗುವುದು ಸಹಜ. ಕಫದಲ್ಲಿ ರೋಗಾಣು ಕಾಣದಿದ್ದರೂ ಎಕ್ಸ್‌-ರೇಯ ಕಲೆಯೊಂದನ್ನೇ ನಂಬಿ ಕ್ಷಯದ ಗುಳಿಗೆ ಆರಂಭಿಸಿ, ತಿಂಗಳುಗಳ ತರುವಾಯ ಕ್ಯಾನ್ಸರ್ ಎಂದು ತಿಳಿದ ಪ್ರಕರಣಗಳನ್ನು ಭಾರತದ ವೈದ್ಯರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ. ರೋಗಾಣು ಕಾಣದಿದ್ದಲ್ಲಿ, ಅಥವಾ ಗುಳಿಗೆ ನುಂಗಿದರೂ ಗುಣ ಕಾಣದಿದ್ದಲ್ಲಿ, ಮುಂದಿನ ಹೆಜ್ಜೆ ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿ. ಕೆಮ್ಮಿನ ಸಿರಪ್ಪನ್ನು ಬದಲಾಯಿಸುತ್ತ ಹೋಗುವುದಲ್ಲ. ಧ್ವನಿಯ ವಿಷಯವೂ ಇದೆ. ಧ್ವನಿಪೆಟ್ಟಿಗೆಗೆ ಹೋಗುವ ಎಡಭಾಗದ ನರ ಎದೆಯೊಳಕ್ಕೆ ಇಳಿದು, ಮಹಾಧಮನಿಯನ್ನು ಬಳಸಿ ಮೇಲೇರುತ್ತದೆ. ಅಲ್ಲಿ ಗಡ್ಡೆ ಒತ್ತಿದರೆ ಗಂಟಲಿನಲ್ಲಿ ಯಾವ ದೋಷವಿಲ್ಲದಿದ್ದರೂ ಧ್ವನಿ ಒಡೆಯುತ್ತದೆ. ಮೂರು ವಾರ ಕಳೆದರೂ ಸರಿಹೋಗದ ಒಡಕು ಧ್ವನಿಯನ್ನು ಶೀತವೆಂದು ಬಿಡಬಾರದು.

ಠಾಕುರ್ಲಿಯ ಹಿರಿಯರಿಗೆ ಹೊಗೆಯ ಪರಿಚಯ ಪುಸ್ತಕದಿಂದ ಬಂದುದಲ್ಲ. ವಿದ್ಯುತ್ ರೈಲುಗಳಿಗಾಗಿ ಕಲ್ಲಿದ್ದಲು ಉರಿಸುತ್ತಿದ್ದ ರೈಲ್ವೆಯ ಚೋಳಾ ವಿದ್ಯುತ್ ಕೇಂದ್ರ ಇಲ್ಲಿಯೇ ಇತ್ತು. 1980ರ ದಶಕದ ಕೊನೆಯ ಭಾಗದಲ್ಲಿ ಅದು ನಿಂತಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಗುರುತಿಸಿದ ತೀವ್ರ ಮಾಲಿನ್ಯದ ಕೈಗಾರಿಕಾ ಪ್ರದೇಶಗಳಲ್ಲಿ ನೆರೆಯ ಡೊಂಬಿವಲಿಯೂ ನವಿ ಮುಂಬಯಿಯೂ ಸೇರಿದ್ದವು. ಹೊರಗಿನ ಗಾಳಿಯ ಮಾಲಿನ್ಯವನ್ನು ಕ್ಯಾನ್ಸರಿನ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಘೋಷಿಸಿತು. ಇದರಿಂದ ಇಂಥವರ ರೋಗ ಇಂಥ ಚಿಮಣಿಯಿಂದಲೇ ಬಂತೆಂದು ಹೇಳಲಾಗದು. ಹಾಗೆ ಹೇಳುವುದು ಸಿಗರೇಟಿನ ಪ್ರಶ್ನೆಯಷ್ಟೇ ಅವಸರದ ತೀರ್ಪಾದೀತು.

ನಾಲ್ಕನೆಯ ಹಂತವೆಂದರೆ ಕೈಚೆಲ್ಲುವುದೆಂದು ಅರ್ಥವಲ್ಲ. ರೋಗ ಪೂರ್ಣ ವಾಸಿಯಾಗುವುದು ಆ ಹಂತದಲ್ಲಿ ವಿರಳವೆಂಬುದು ನಿಜ. ಆದರೆ ಚಿಕಿತ್ಸೆ ಬದಲಾಗಿದೆ. ಅಡಿನೊಕಾರ್ಸಿನೋಮ ಎಂಬ ಬಗೆಯ ಭಾರತೀಯ ರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನಿನ ವ್ಯತ್ಯಾಸ ಕಂಡುಬರುತ್ತದೆ. ಅಂಥವರಿಗೆ ದಿನವೂ ನುಂಗುವ ಗುಳಿಗೆಯೇ ರೋಗವನ್ನು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕಾಲ ಹತೋಟಿಯಲ್ಲಿಡಬಲ್ಲದು. ಧೂಮಪಾನಿಗಳಲ್ಲದವರಲ್ಲಿ ಈ ವ್ಯತ್ಯಾಸ ಹೆಚ್ಚು ಎಂಬುದನ್ನು ಗಮನಿಸಿದರೆ, ‘ಸೇದುತ್ತಿದ್ದರೇ’ ಎಂಬ ಪ್ರಶ್ನೆ ವೈದ್ಯರ ಬಾಯಲ್ಲಿ ಉಪಯುಕ್ತ, ನೆಂಟರ ಬಾಯಲ್ಲಿ ನಿರುಪಯುಕ್ತ ಎಂಬುದೂ ಸ್ಪಷ್ಟವಾಗುತ್ತದೆ. ನೋವು, ಉಸಿರಾಟದ ಕಷ್ಟಗಳಿಗೆ ನೀಡುವ ಉಪಶಮನ ಚಿಕಿತ್ಸೆಯನ್ನೂ ಕೊನೆಯ ದಿನಗಳಿಗೆಂದು ಕಾದಿರಿಸದೆ ಮೊದಲಿನಿಂದಲೇ ಕೇಳಿ ಪಡೆಯಬಹುದು. ಸೇದುವ ಚಟವಿದ್ದವರು ರೋಗ ಪತ್ತೆಯಾದ ಮೇಲೆ ಬಿಟ್ಟರೂ ಪ್ರಯೋಜನವುಂಟು. ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ದೂರವಾಣಿ ಸಂಖ್ಯೆ 1800-11-2356 ಉಚಿತವಾಗಿದೆ.

1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ ಪರೇಲಿನಲ್ಲಿದೆ. ಠಾಕುರ್ಲಿಯಲ್ಲಿ ನಿಲ್ಲುವ ನಿಧಾನ ಗತಿಯ ಲೋಕಲ್ ಹಿಡಿದರೆ ಗಾಡಿ ಬದಲಿಸದೆ ಪರೇಲಿನಲ್ಲಿ ಇಳಿಯಬಹುದು. ಅದೇ ಸಂಸ್ಥೆಯ ಇನ್ನೊಂದು ಕೇಂದ್ರ ನವಿ ಮುಂಬಯಿಯ ಖಾರಘರದಲ್ಲಿದೆ. ಬೆಂಗಳೂರಿನಲ್ಲಿ ಬಂಧುಗಳಿರುವವರಿಗೆ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ ಉಂಟು. ವೆಚ್ಚಕ್ಕೆ ಹೆದರಿ ಹೊರಡದೆ ಉಳಿಯುವ ಮುನ್ನ ಪಡಿತರ ಚೀಟಿ, ಆಧಾರ್, ಆಯುಷ್ಮಾನ್ ಕಾರ್ಡ್ ಇದ್ದರೆ ಅದನ್ನೂ ತೆಗೆದುಕೊಂಡು ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಕಾಣಬೇಕು. ಯಾವ ಯೋಜನೆಯಲ್ಲಿ ಎಷ್ಟು ನೆರವು ಸಿಗುತ್ತದೆಂದು ತಿಳಿಸುವುದು ಅವರ ಕೆಲಸವೇ. ಹಳೆಯ ಎಕ್ಸ್‌-ರೇಗಳನ್ನು ರದ್ದಿಗೆ ಹಾಕದೆ ಜೊತೆಯಲ್ಲಿ ಒಯ್ಯಬೇಕು. ಕಫ ಪರೀಕ್ಷೆಯ ವರದಿ, ಈವರೆಗೆ ನುಂಗಿದ ಗುಳಿಗೆಗಳ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಂಡರೆ ಮೊದಲ ದಿನದ ಅರ್ಧ ಕೆಲಸ ಮುಗಿದಂತೆ. ಜೊತೆಗೆ ಹೋಗುವವರು ಮರಾಠಿ ಅಥವಾ ಹಿಂದಿ ಬಲ್ಲವರಾಗಿದ್ದು, ವೈದ್ಯರು ಹೇಳಿದುದನ್ನು ರೋಗಿಗೆ ಅವರ ಮನೆಯ ಕನ್ನಡದಲ್ಲಿ, ರೋಗದ ಹೆಸರನ್ನು ಬಿಡದೆ, ತಿಳಿಸಬಲ್ಲವರಾಗಿರಬೇಕು.